ಕೋಕಂ ಪಾಕದಲ್ಲಿ ಅಡಗಿದ್ದ ತಾಮ್ರ

ನಿವೃತ್ತಿಯಾದವರು ಹಳೆಯ ಆಫೀಸಿಗೆ ಹೋಗಬಾರದು ಅನ್ನುತ್ತಾರೆ. ಹೋದರೆ ಚಹಾ ಸಿಗುತ್ತದೆ, ಕುರ್ಚಿ ಸಿಗುವುದಿಲ್ಲವಂತೆ. ಮೊನ್ನೆ ಹಿಂದವಾಡಿಯ ನಮ್ಮ ಲ್ಯಾಬಿಗೆ ಹೋದಾಗ ನನಗೆ ಎರಡೂ ಸಿಕ್ಕವು. ಕುರ್ಚಿ ಬಿಟ್ಟುಕೊಟ್ಟವಳು ಸ್ನೇಹಾ, ಈ ವರ್ಷ ಕೆಲಸಕ್ಕೆ ಸೇರಿದ ಹುಡುಗಿ. ಲೋಹ ಅಳೆಯುವ ಹೊಸ ಯಂತ್ರ ಅವಳ ಕೈಯಲ್ಲಿದೆ. ನಾವು ಎರಡು ದಿನ ಒದ್ದಾಡುತ್ತಿದ್ದ ಕೆಲಸವನ್ನು ಅದು ಅವಳು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಾಡಿ, ಅಂಕಿ ಬರೆದು ಕೊಡುತ್ತದೆ.

"ಮೇಡಂ, ಮೊದ್ಲ ಈ ಮಷೀನ್ ಇರಲಿಲ್ಲಂತಲ್ರಿ. ಹಂಗಾದ್ರ ನೀವು ಹೆಂಗ ಕಂಡು ಹಿಡೀತಿದ್ರಿ?" ಎಂದು ಕೇಳಿದಳು.

"ಕಣ್ಣಿಂದ, ಮೂಗಿಂದ. ಒಮ್ಮೊಮ್ಮೆ ತಪ್ಪನ್ನೂ ಹಿಡೀತಿದ್ವಿ" ಅಂದೆ.

ಅವಳು ನಕ್ಕಳು. ಆಮೇಲೆ, "ಆ ತಪ್ಪಿಂದು ಬರದು ಕೊಡ್ರಿ ಮೇಡಂ. ಸರಿ ಮಾಡಿದ್ದು ಪುಸ್ತಕದಾಗ ಸಿಗ್ತೈತಿ" ಅಂದಳು. ಹುಡುಗಿ ಶಾಣ್ಯಾ ಇದ್ದಾಳೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಯಾವ ವರ್ಷ ನನಗೆ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಅವು ನನ್ನ ಮನೆಯವರಿಗೇ ನೆನಪಿಲ್ಲ. ನಾನು ಹೇಳಬೇಕಾದದ್ದು ಒಂದೇ. ಸಕ್ಕರೆಗೂ ಲೋಹಕ್ಕೂ ಒಂದು ನಂಟಿದೆ. ಅದು ಗೊತ್ತಿದ್ದೂ ನಾನು ಅವಸರದಲ್ಲಿ ಹಾಕಿದ ಒಂದು ಸಹಿಯಿಂದ ಖಾನಾಪುರದ ಒಬ್ಬ ಅಡುಗೆಯಾಕೆಯ ಕೈಯಿಂದ ಸೌಟು ಹೋಯಿತು. ಅದು ಆಕೆಯ ಕೈಗೆ ಮರಳಿತೇ ಇಲ್ಲವೇ ಎಂಬುದೇ ಈ ಬರಹದ ಅಸಲು ವಿಷಯ, ಉಳಿದದ್ದು ದಾರಿಯ ಬುತ್ತಿ.

ನಾನು ಸೇರಿದಾಗ ಲ್ಯಾಬು ಎಂದರೆ ಮಾಳಿಗೆಯ ಮೇಲಿನ ಮೂರು ಕೋಣೆ. ಒಂದರಲ್ಲಿ ಬಾಟಲಿಗಳು, ಒಂದರಲ್ಲಿ ನಾನು, ಇನ್ನೊಂದರಲ್ಲಿ ದೇಶಪಾಂಡೆ ಸಾಹೇಬರು. ಊರಿನ ಬಾವಿನೀರು, ಬೆಲ್ಲ, ಔಷಧ, ಕಾರ್ಖಾನೆಯ ಎಣ್ಣೆ, ಹೀಗೆ ಏನು ಬಂದರೂ ನಾವು ಪರೀಕ್ಷೆ ಮಾಡುತ್ತಿದ್ದೆವು. ಸಾಹೇಬರ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದವು. ಲ್ಯಾಬಿನಲ್ಲಿ ಮಾತ್ರ ಅವರು ಹೊಗಳುತ್ತಿದ್ದುದು ಕನ್ನಡದಲ್ಲಿ, ಬೈಯುತ್ತಿದ್ದುದು ಮರಾಠಿಯಲ್ಲಿ. ಹೀಗಾಗಿ ಮೊದಲ ಆರು ತಿಂಗಳಲ್ಲೇ ನನ್ನ ಮರಾಠಿ ಚೆನ್ನಾಗಿ ಸುಧಾರಿಸಿತು.

ಆ ಕಾಲದಲ್ಲಿ ತಾಮ್ರ, ಸೀಸಗಳನ್ನು ಹುಡುಕಲು ನಮ್ಮಲ್ಲಿದ್ದ ಮುಖ್ಯ ಆಯುಧ ಒಂದು ಗ್ಯಾಸು. ಗಾಜಿನ ದೊಡ್ಡ ಬುರುಡೆಯಲ್ಲಿ ಅದನ್ನು ತಯಾರಿಸಿ, ಪರೀಕ್ಷೆಯ ದ್ರಾವಣದೊಳಗೆ ಗುಳುಗುಳು ಬಿಡುವುದು. ತಾಮ್ರವಿದ್ದರೆ ದ್ರಾವಣ ಕಪ್ಪಾಗುತ್ತಿತ್ತು. ಹಿಡಿದರೆ ತಪ್ಪದ ಗ್ಯಾಸು. ಆದರೆ ಅದರ ವಾಸನೆ ಥೇಟು ಕೊಳೆತ ಮೊಟ್ಟೆ. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಕೊರಳಲ್ಲಿ ಲಿಂಗ, ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರೂ ಇಲ್ಲ. ನಾನು ಮೊದಲ ದಿನ ಆ ಗ್ಯಾಸಿನ ಕೆಲಸ ಮುಗಿಸಿ ಮನೆಯ ಹೊಸ್ತಿಲು ದಾಟಿದೆ. ಅವ್ವ ಮೂಗು ಅರಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗಿರಿಜಾ, ಖರೇ ಹೇಳು. ಎಲ್ಲಿ ತತ್ತಿ ತಿಂದು ಬಂದಿ?"

"ಇಲ್ಲವ್ವಾ, ಅದು ಗ್ಯಾಸು."

"ಗ್ಯಾಸ್ ಆಗೂಹಂಗ ಎಷ್ಟು ತಿಂದೀ?"

ನನ್ನ ಪದವಿ, ನನ್ನ ಪ್ರಮಾಣಪತ್ರ ಯಾವುದೂ ಅವ್ವನ ಮುಂದೆ ನಡೆಯಲಿಲ್ಲ. ಹಿತ್ತಲಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡ ಮೇಲೆಯೇ ಒಳಗೆ ಪ್ರವೇಶ. ಕೊನೆಗೆ ಸಾಹೇಬರೇ ಮನೆಗೆ ಬಂದು, "ಅವ್ವಾರ, ನಾನೂ ಇದ ವಾಸನಿ ಹೊತಗೊಂಡ ಮನಿಗೆ ಹೋಗ್ತೀನ್ರಿ. ನಮ್ಮಾಕಿನೂ ಹೊರಗ ನಿಲ್ಲಸ್ತಾಳ" ಎಂದು ಸಾಕ್ಷಿ ಹೇಳಿದರು. ಅವ್ವ ನಂಬಿದಳು, ಸ್ನಾನ ಮಾತ್ರ ತಪ್ಪಲಿಲ್ಲ.

ಸಕ್ಕರೆ ಮತ್ತು ಲೋಹದ ನಂಟನ್ನು ನನಗೆ ಮೊದಲು ತೋರಿಸಿದ್ದು ಪುಸ್ತಕವಲ್ಲ, ಮಕಬೂಲ್ ಚಾಚಾ. ಅವರದು ಹಳೆಯ ಮೋಟಾರು ಸರಿಮಾಡುವ ಗ್ಯಾರೇಜು. ಒಂದು ದಿನ ಡಬ್ಬಿಯಲ್ಲಿ ಕರ್ರಗಿನ ಗಂಜಿಯಂಥದ್ದನ್ನು ತಂದು ಮೇಜಿನ ಮೇಲಿಟ್ಟರು.

"ಬಾಯಾರ, ಇದು ಕಾಕಂಬಿ. ಸಕ್ರಿ ಫ್ಯಾಕ್ಟರಿಯಾಗ ಸಕ್ರಿ ತಗದ ಮ್ಯಾಲ ಉಳೀತೈತಲ್ಲ, ಅದ. ನೀರಾಗ ಕಲಸಿ ಜಂಗು ಹಿಡದ ಸಾಮಾನು ಇದರಾಗ ಎರಡ ವಾರ ಬಿಡ್ತೀನ್ರಿ. ಜಂಗೆಲ್ಲಾ ಹೋಗಿ ಕಬ್ಬಿಣ ಹೊಸಾದ್ರಂಗ ಬರ್ತೈತಿ. ಯಾಕಂತ ನನಗ ಗೊತ್ತಿಲ್ಲ. ನೀವು ಕಲತವರು, ನೀವ ಹೇಳ್ರಿ."

ಕಲಿತವಳಿಗೂ ಗೊತ್ತಿರಲಿಲ್ಲ. ನಾನು ಸಾಹೇಬರ ಮುಖ ನೋಡಿದೆ. ಅವರು ಎದ್ದು ಬಂದು ಎರಡು ಟೆಸ್ಟ್ ಟ್ಯೂಬಿನಲ್ಲಿ ಮೈಲುತುತ್ತದ ನೀರು ಹಾಕಿದರು. ಮೈಲುತುತ್ತವೆಂದರೆ ತಾಮ್ರದ ಉಪ್ಪು. ಒಂದಕ್ಕೆ ಹಾಗೆಯೇ ಕ್ಷಾರ ಹಾಕಿದರು. ನೀಲಿ ಗಷ್ಟು ಮೊಸರಿನಂತೆ ಒಡೆದು ತಳಕ್ಕೆ ಕೂತಿತು. ಇನ್ನೊಂದಕ್ಕೆ ಮೊದಲು ಚಹಾ ಡಬ್ಬಿಯ ಸಕ್ಕರೆ, ಮೇಲೆ ಚಿಟಿಕೆ ನಿಂಬೆ ಉಪ್ಪು ಹಾಕಿ, ಆಮೇಲೆ ಅದೇ ಕ್ಷಾರ ಸುರಿದರು. ಗಷ್ಟು ಏಳಲೇ ಇಲ್ಲ. ತಾಮ್ರವೆಲ್ಲ ತಿಳಿಯಾದ ನೀಲಿ ನೀರಾಗಿ ಉಳಿಯಿತು.

"ನೋಡ್ರಿ ಚಾಚಾ, ಲೋಹ ಕರಗಿದಾಗ ಕಣ್ಣಿಗೆ ಕಾಣದ ಕಣ ಆಗ್ತೈತಿ, ಅದಕ್ಕ ಅಯಾನು ಅಂತಾರ. ಸಕ್ಕರಿಗೆ, ಹಣ್ಣಿನ ಹುಳಿಗೆ ಮೈತುಂಬ ಕೈ ಅದಾವ. ನಾಕೂ ಕಡೆಯಿಂದ ಆ ಕಣಾನ ಹಿಡಕೋತಾವ. ಹಿಡಕೊಂಡ್ರ ಅದು ತಳಕ್ಕ ಕೂಡೂದಿಲ್ಲ. ನಿಮ್ಮ ಕಾಕಂಬಿನೂ ಜಂಗಿನ ಕಬ್ಬಿಣಾನ ಹಂಗ ಹಿಡದು ನೀರಿಗೆ ಎಳಕೋತೈತಿ."

ಚಾಚಾ ಗಡ್ಡ ನೀವಿಕೊಂಡು, "ಅಂದ್ರ ಸಿಹಿ ಮಾತಾಡಿ ಬಿಡಿಸ್ಕೊಂಡು ಹೋಗೂದು" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಯಾವ ಸೆಮಿನಾರಿನಲ್ಲೂ ಕೇಳಲಿಲ್ಲ.

ಅವರು ಹೋದ ಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. "ಬಾಯಾರ, ಇದು ನಮಗ ಅಪಾಯ. ಸಿಹಿ ಇದ್ದದ್ದು, ಹುಳಿ ಇದ್ದದ್ದು ಏನ ಬಂದ್ರೂ ಅದರಾಗಿನ ಲೋಹ ನಮ್ಮ ಕ್ಷಾರಕ್ಕ ಸಿಗೂದಿಲ್ಲ. ಮೊದ್ಲ ಸುಡ್ರಿ, ಆಮ್ಯಾಲ ಹುಡಕ್ರಿ. ಸಕ್ಕರಿ ಸುಟ್ಟು ಬೂದಿ ಆದ್ರ ಹಿಡಕೊಳ್ಳಾಕ ಕೈ ಉಳಿಯೂದಿಲ್ಲ. ಸುಡಾಕ ಹೊತ್ತಿಲ್ಲಂದ್ರ ಗ್ಯಾಸ್ ಬಿಡ್ರಿ. ತಾಮ್ರ ಆದ್ರ ಗ್ಯಾಸಿನ ಮುಂದ ಸಕ್ಕರಿ ಹಿಡಿತ ನಡ್ಯೂದಿಲ್ಲ." ನಾನು ಇದನ್ನು ಮುತ್ತಿನಂಥ ಅಕ್ಷರದಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ನೆನಪಿರುತ್ತದೆ ಎಂದು ತಿಳಿಯುವ ವಯಸ್ಸು ಅದು.

ಈ ಹಿಡಿತ ಯಾವಾಗಲೂ ಅಪಾಯವೇನಲ್ಲ. ಸಕ್ಕರೆ ಕಾಯಿಲೆಯವರ ಮೂತ್ರ ಪರೀಕ್ಷೆಗೆ ಆಗ ಒಂದು ನೀಲಿ ದ್ರಾವಣ ಬಳಸುತ್ತಿದ್ದೆವು. ಅದರಲ್ಲಿ ತಾಮ್ರವನ್ನು ನಿಂಬೆಯ ಹುಳಿಯೇ ಹಿಡಿದು ತೇಲಿಸಿಕೊಂಡಿರುತ್ತದೆ. ಮೂತ್ರದಲ್ಲಿ ಸಕ್ಕರೆ ಇದ್ದರೆ ಕಾಯಿಸಿದಾಗ ನೀಲಿ ಹೋಗಿ ಇಟ್ಟಿಗೆಯ ಕೆಂಪು ಬರುತ್ತದೆ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಹದಿನೈದು ದಿನಕ್ಕೊಮ್ಮೆ ಕೈಚೀಲದಲ್ಲಿ ಬಾಟಲಿ ಇಟ್ಟುಕೊಂಡು ಬರುತ್ತಿದ್ದರು. ಪ್ರತಿ ಸಲವೂ ನೀಲಿ. ಮಾಸ್ತರರು ನೇರ ಕುಂದಾ ಮಿಠಾಯಿಯ ಅಂಗಡಿಗೆ ಹೋಗುತ್ತಿದ್ದರು. ಒಂದು ಸಲ ಅವರ ಹೆಂಡತಿಯೇ ಬಾಟಲಿ ತಂದರು.

"ಬಾಯಾರ, ಇಷ್ಟ ದಿನಾ ನನ್ನದ ತಂದು ಕೊಟ್ಟಾರ್ರಿ. ನನಗ ಸಕ್ರಿ ಇಲ್ಲಂತ ಭಾಳ ಚಲೋ ಗೊತ್ತಾತು. ಇದು ಅವರದು, ನೋಡ್ರಿ."

ಕಾಯಿಸಿದ ಕೂಡಲೇ ಟ್ಯೂಬಿನೊಳಗೆ ಹೊಸ ಇಟ್ಟಿಗೆಯ ಭಟ್ಟಿಯೇ ಎದ್ದಿತು. ಮಾಸ್ತರರು ಆಮೇಲೆ ಎರಡು ತಿಂಗಳು ನಮ್ಮ ಮುಂದಿನ ರಸ್ತೆ ಬಿಟ್ಟು ಹಿಂದಿನ ರಸ್ತೆಯಲ್ಲಿ ಓಡಾಡಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅದು ಬೇಸಿಗೆಯ ದಿನ. ಖಾನಾಪುರದ ಒಂದು ಮಕ್ಕಳ ವಸತಿನಿಲಯದಿಂದ ಆಳೊಬ್ಬ ಒಂದು ಬಾಟಲಿ ತಂದ. ಹಿಂದಿನ ದಿನ ಅಲ್ಲಿಯ ಮಕ್ಕಳಿಗೆ ಮಧ್ಯಾಹ್ನದ ಊಟದ ಜೊತೆ ಕೋಕಂ ಶರಬತ್ತು ಕೊಟ್ಟಿದ್ದರು. ಸ್ವಲ್ಪ ಹೊತ್ತಿಗೇ ಅರ್ಧಕ್ಕರ್ಧ ಮಕ್ಕಳಿಗೆ ವಾಂತಿ. ಸಂಜೆಗೆ ಎಲ್ಲರೂ ಆರಾಮಾಗಿ ಆಟಕ್ಕೆ ಹೋದರಂತೆ, ಅದೊಂದು ಪುಣ್ಯ. ಊಟ ಅಷ್ಟೂ ಖರ್ಚಾಗಿ ಪಾತ್ರೆ ತೊಳೆದಾಗಿತ್ತು. ಉಳಿದದ್ದು ಕೋಕಂ ಪಾಕ ಮಾತ್ರ. ಕಣಕುಂಬಿ ಕಡೆಯ ಕಾಡಿನ ಕೋಕಂ ಹಣ್ಣನ್ನು ಸಕ್ಕರೆ ಹಾಕಿ ಕುದಿಸಿದ ಆ ಪಾಕವನ್ನು ಮಾಡಿ ಕಳಿಸಿದವರು ನಿಲಯದ ಅಧ್ಯಕ್ಷರ ಹೆಂಡತಿ. ಅವರ ಮನೆಯ ಪಾತ್ರೆ ಹಿತ್ತಾಳೆಯದು. ಒಳಗಿನ ತವರದ ಕಲಾಯಿ ಹೋಗಿದ್ದರೆ ಹುಳಿಗೆ ತಾಮ್ರ ಬಿಟ್ಟಿರಬಹುದು, ತಾಮ್ರ ಇದೆಯೇ ನೋಡಿ ಎಂದು ನಿಲಯದವರು ಚೀಟಿ ಬರೆದಿದ್ದರು.

ಅದೇ ದಿನ ಸಂಜೆ ಐದಕ್ಕೆ ಗೋಕಾಕದ ಕಡೆಯಿಂದ ನನ್ನನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಬೆಳಿಗ್ಗೆಯೇ ಅವ್ವ ಕೈ ಹಿಡಿದು ಹೇಳಿದ್ದಳು. "ಇವತ್ತೊಂದ ದಿನ ಆ ತತ್ತಿ ಗ್ಯಾಸಿನ ಬಾಜು ಹೋಗಬ್ಯಾಡ ನಮ್ಮವ್ವಾ. ವಾಸನಿ ಹೊಡದ್ರ ಬಂದವರು ಅವಲಕ್ಕಿನೂ ಮುಟ್ಟದ ಎದ್ದ ಹೋಗ್ತಾರ."

ಪಾಕವನ್ನು ಮೂಸೆಯಲ್ಲಿ ಸುಟ್ಟು ಬೂದಿ ಮಾಡಬೇಕೆಂದರೆ ಸಂಜೆಯಾಗುತ್ತದೆ. ಗ್ಯಾಸು ಬಿಡಬೇಕೆಂದರೆ ಗೋಕಾಕದವರು ಎದ್ದು ಹೋಗುತ್ತಾರೆ. ನಾನು ಮೂರನೆಯ ದಾರಿ ಹಿಡಿದೆ. ಇದ್ದಿಲ ಪುಡಿಯಲ್ಲಿ ಕೆಂಪು ಬಣ್ಣ ಆದಷ್ಟು ತೆಗೆದು, ಕ್ಷಾರ ಹಾಕಿ, ಗಷ್ಟು ಬರುತ್ತದೋ ಎಂದು ಕಾದೆ. ಬರಲಿಲ್ಲ. ದ್ರಾವಣ ಸ್ವಲ್ಪ ಹಸಿರು ಹಸಿರಾಗಿ ಕಂಡಿತು. ಉಳಿದ ಹಣ್ಣಿನ ಬಣ್ಣವಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. 'ತಾಮ್ರ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಬೇರೆ ಕೆಲಸದ ಗಡಿಬಿಡಿಯಲ್ಲಿದ್ದರು, ಕೆಳಗೆ ತಾವೂ ಸಹಿ ಹಾಕಿದರು. ಐದಕ್ಕೆ ನಾನು ಮಲ್ಲಿಗೆ ಮುಡಿದು, ಸೋಪಿನ ವಾಸನೆ ಬೀರುತ್ತ, ಗೋಕಾಕದವರ ಮುಂದೆ ಕುಳಿತಿದ್ದೆ.

ಆ ಸಂಬಂಧ ಕೂಡಿತು. ಇದನ್ನು ಬರೆಯುವಾಗ ನಮ್ಮ ಯಜಮಾನರು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದಾರೆ. "ನಿನ್ನ ತಪ್ಪಿನಾಗ ನನ್ನದೂ ಪಾಲೈತಿ, ಅದನ್ನೂ ಬರಿ" ಅನ್ನುತ್ತಾರೆ. ಬರೆದಿದ್ದೇನೆ.

ಒಂದು ವಾರದ ಮೇಲೆ ಮಧ್ಯಾಹ್ನ ಒಬ್ಬ ಹೆಂಗಸು ಮೆಟ್ಟಿಲೇರಿ ಬಂದರು. ನಲವತ್ತರ ಆಸುಪಾಸು, ಕಚ್ಚೆ ಸೀರೆ, ಹಣೆಯ ತುಂಬ ಕುಂಕುಮ.

"ಇಲ್ಲಿ ಪರೀಕ್ಷಾ ಮಾಡೋ ಬಾಯಾರು ಯಾರ್ರಿ?"

"ನಾನ ರೀ. ಬರ್ರಿ, ಕುಂದರ್ರಿ."

ಆಕೆ ಕೂಡಲಿಲ್ಲ. ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಚಾಚಿ ಇಟ್ಟರು. ಅರಿಸಿನ ಹತ್ತಿದ ಬೆರಳು, ಮಣಿಕಟ್ಟಿನ ಹತ್ತಿರ ಎಣ್ಣೆ ಸಿಡಿದ ಕಲೆಗಳು.

"ನಾ ತುಳಸಾಬಾಯಿ ರೀ, ಖಾನಾಪುರದಾಗ ಮಕ್ಕಳ ಅಡಗಿ ಮಾಡಾಕಿ. ಶರಬತ್ತಿನ್ಯಾಗ ಏನೂ ಇಲ್ಲಂತ ನೀವು ಬರದ ಕೊಟ್ಟೀರಂತ. ಹಂಗಾದ್ರ ಇಷ ನನ್ನ ಕೈಯಾಗ ಐತಿ ಅಂತ ಹೇಳಿ ಕೆಲಸ ಬಿಡಿಸ್ಯಾರ. ಓಣ್ಯಾಗ ನನ್ನ ಕೈಲೆ ಒಂದ ಲೋಟ ನೀರೂ ಇಸಗೊಳ್ಳವಲ್ರು. ಇವನ್ನೂ ಪರೀಕ್ಷಾ ಮಾಡ್ರಿ. ಏನ ಇದ್ರೂ ಇದ್ದಂಗ ಬರೀರಿ."

"ಕೈ ಪರೀಕ್ಷಾ ಮಾಡಾಕ ಬರೂದಿಲ್ರಿ ಬಾಯಿ."

"ಯಾಕ ಬರೂದಿಲ್ಲ? ಹನ್ನೊಂದ ವರ್ಷ ಇವ ಕೈಲೆ ಬಡಿಸೀನ್ರಿ. ನೀರಿಂದು ಬರ್ತೈತಿ, ಶರಬತ್ತಿಂದು ಬರ್ತೈತಿ, ನನ್ನ ಕೈದು ಅಷ್ಟ ಬರೂದಿಲ್ಲೇನು?"

ನನ್ನ ಎರಡು ಶಬ್ದದ ವರದಿ ಖಾನಾಪುರದಲ್ಲಿ ಇಷ್ಟು ಕೆಲಸ ಮಾಡಿದೆ ಎಂದು ಅಲ್ಲಿಯತನಕ ಗೊತ್ತೇ ಇರಲಿಲ್ಲ. ಆಕೆಯನ್ನು ಹೇಗಾದರೂ ಸಮಾಧಾನ ಮಾಡಿ ಕಳಿಸಬೇಕೆಂದು, "ಶರಬತ್ತಿನ ಪಾಕ ಇನ್ನೂ ಉಳದೈತ್ರಿ, ಇನ್ನೊಮ್ಮೆ ನೋಡ್ತೀನಿ" ಎಂದು ಬಾಟಲಿ ತೆಗೆದೆ. ಸಕ್ಕರೆ ಅಂಟಿ ಬೂಚು ಕಚ್ಚಿಕೊಂಡಿತ್ತು. ಮಾದರಿಯ ಚೀಲ ಹೊಲಿಯಲು ನಮ್ಮಲ್ಲಿ ಇರುತ್ತಿದ್ದ ಕಬ್ಬಿಣದ ದಬ್ಬಣದಿಂದ ಬೂಚನ್ನು ಮೀಟಿದೆ. ಬೂಚು ಮುರಿಯಿತು, ದಬ್ಬಣ ಪಾಕದೊಳಗೆ ಬಿತ್ತು. ಅಷ್ಟರಲ್ಲಿ ಆಕೆಗೆ ಗಾಡಿಯ ಹೊತ್ತಾಯಿತು, ಹೊರಟುಹೋದರು. ನನಗೂ ಮನಸ್ಸು ಕೆಟ್ಟಿತ್ತು. ಬಾಟಲಿಯನ್ನು ಹಾಗೆಯೇ ಬಿಟ್ಟು ಮನೆಗೆ ಹೋದೆ.

ಮರುದಿನ ಚಿಮಟದಿಂದ ದಬ್ಬಣ ಎತ್ತಿದೆ. ಪಾಕದಲ್ಲಿ ಮುಳುಗಿದ್ದ ಅರ್ಧ ಭಾಗ ಹೊಸ ತಂಬಿಗೆಯಂತೆ ಕೆಂಪಗೆ ಹೊಳೆಯುತ್ತಿತ್ತು. ಹುಳಿಯಲ್ಲಿ ತಾಮ್ರ ಕರಗಿದ್ದರೆ, ಅದರೊಳಗೆ ಕಬ್ಬಿಣ ಇಟ್ಟಾಗ ತಾಮ್ರ ಬಂದು ಅದರ ಮೈಗೆ ಕೂಡುತ್ತದೆ. ಇದು ಹೈಸ್ಕೂಲಿನ ಪಾಠ. ದಬ್ಬಣ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದೆ.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸುಟ್ಟಿದ್ರೇನು ಬಾಯಾರ?"

"ಇಲ್ರಿ ಸರ್."

"ಗ್ಯಾಸ್ ಬಿಟ್ಟಿದ್ರೇನು?"

"ಇಲ್ರಿ."

"ಯಾಕ?"

ಗೋಕಾಕದವರ ಕಥೆ ಹೇಳಿದೆ. ಮರಾಠಿ ಶುರುವಾಗುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ಶುರುವಾಗಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದಬ್ಬಣವನ್ನು ಮೇಜಿನ ಮೇಲಿಟ್ಟು, "ನಿಮ್ಮ ನೋಟ್‌ಬುಕ್ ತಗದ ನೋಡದ ನಾನೂ ಸಹಿ ಹಾಕೀನಿ. ಮೂಸಿ ಇಡ್ರಿ ಒಲಿ ಮ್ಯಾಲ" ಅಂದರು.

ಅವತ್ತು ಇಬ್ಬರೂ ನಿಂತು ಸುಟ್ಟೆವು. ಪಾಕ ಉಕ್ಕಿತು, ಕರಕಾಯಿತು, ಕೊನೆಗೆ ಬೂದಿಯಾಯಿತು. ಬೂದಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಅಮೋನಿಯಾ ಹಾಕಿದೆವು. ಗಾಢ ನೀಲಿ ಬಣ್ಣ ಎದ್ದು ಬಂತು. ಅಷ್ಟು ಚಂದದ ನೀಲಿಯನ್ನು ನಾನು ಮತ್ತೆ ನೋಡಿಲ್ಲ, ಅಷ್ಟು ನಾಚಿಕೆಯೂ ಮತ್ತೆ ಆಗಿಲ್ಲ. ಮಕಬೂಲ್ ಚಾಚಾಗೆ ತಿಳಿದದ್ದು ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಕೋಕಮ್ಮಿನ ಹುಳಿ ಪಾತ್ರೆಯ ತಾಮ್ರವನ್ನು ಬಿಡಿಸಿತ್ತು, ಹುಳಿಯೂ ಸಕ್ಕರೆಯೂ ಕೂಡಿ ಅದನ್ನು ಹಿಡಿದು ನನ್ನ ಕ್ಷಾರದಿಂದ ಮುಚ್ಚಿಟ್ಟಿದ್ದವು. ನಾನು ಅವಸರದಲ್ಲಿದ್ದೆ, ಅಷ್ಟೇ.

ಸ್ನೇಹಾ, ನಿನ್ನ ಯಂತ್ರಕ್ಕೂ ಮೊದಲು ಮಾದರಿಯನ್ನು ಆಸಿಡ್ಡಿನಲ್ಲಿ ಕುದಿಸಿ ಸಕ್ಕರೆಯನ್ನು ಕಳೆದೇ ಕೊಡಬೇಕಲ್ಲವೇ? ಆ ಕುದಿಸುವ ಹೊತ್ತನ್ನು ಎಂದೂ ಉಳಿಸಬೇಡ. ಮನೆಗೆ ಯಾರೇ ಬರುವವರಿರಲಿ.

ಹೊಸ ವರದಿ ಬರೆದೆವು. ಸಾಹೇಬರು, "ಟಪಾಲಿಗೆ ಹಾಕ್ರಿ" ಅಂದರು.

"ಟಪಾಲು ಅಧ್ಯಕ್ಷರ ಮೇಜಿಗೆ ಹೋಗ್ತೈತ್ರಿ ಸರ್. ಅಲ್ಲೇ ಫೈಲಿನ್ಯಾಗ ಕುಂಡ್ರತೈತಿ. ತುಳಸಾಬಾಯಿ ಕೆಲಸ ಯಾರು ಕೊಡ್ತಾರ?" ಎಂದೆ. ಸಾಹೇಬರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮ್ಯಾಲ ನಿಮ್ಮ ಸಹಿ, ಕೆಳಗ ನನ್ನದು. ಇಬ್ಬರೂ ಹೋಗೂಣು. ಒಂದ ಹೊಸಾ ದಬ್ಬಣ ತಗೋರಿ."

ಮರುದಿನ ಬೆಳಿಗ್ಗೆ ಲೋಂಡಾ ಕಡೆಯ ಪ್ಯಾಸೆಂಜರ್ ಹಿಡಿದು ಖಾನಾಪುರಕ್ಕೆ ಇಳಿದೆವು. ವಸತಿನಿಲಯದ ಕೋಣೆಯಲ್ಲಿ ಅಧ್ಯಕ್ಷರು, ಅವರ ಹೆಂಡತಿ, ಇನ್ನಿಬ್ಬರು ಹಿರಿಯರು ಕುಳಿತಿದ್ದರು. ಸಾಹೇಬರು ವರದಿ ಓದಿದರು. ಅಧ್ಯಕ್ಷರ ಮುಖ ಬಿಗಿಯಿತು.

"ಏನ್ರಿ ಇದು? ಹ್ವಾದ ವಾರ ಇಲ್ಲ ಅಂತೀರಿ, ಈ ವಾರ ಐತಿ ಅಂತೀರಿ. ಯಾವುದನ್ನ ನಂಬೂದ್ರಿ? ಆ ಬಾಯಿ ಬಂದು ನಿಮ್ಮ ಮುಂದ ಅತ್ತಾಳ, ನೀವು ಕರಗೀರಿ. ಹೌದಲ್ಲ?"

ಅವರ ಸಿಟ್ಟು ಸುಳ್ಳಲ್ಲ. ಒಮ್ಮೆ ತಪ್ಪಿದವರನ್ನು ಎರಡನೇ ಸಲ ಯಾಕೆ ನಂಬಬೇಕು? ಆದರೂ ಎದ್ದು ನಿಂತು, "ತಪ್ಪು ನಂದ ರೀ. ಅವಸರ ಮಾಡಿದೆ. ನಮ್ಮನ್ನ ನಂಬಬ್ಯಾಡ್ರಿ. ನಿಮ್ಮ ಮನಿಯಾಗ ಆ ಪಾಕ ಇನ್ನೂ ಉಳದಿದ್ರ ತರಸ್ರಿ" ಅಂದೆ.

ಅಧ್ಯಕ್ಷರ ಹೆಂಡತಿಯೇ ಎದ್ದು ಹೋಗಿ ಒಂದು ಸೀಸೆ ತಂದರು. ಸಾಹೇಬರು ಹೊಸ ದಬ್ಬಣವನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿ, ದಾರ ಕಟ್ಟಿ ಪಾಕದಲ್ಲಿ ಇಳಿಬಿಟ್ಟರು. ಅರ್ಧ ತಾಸು ಎಲ್ಲರೂ ಕಾದೆವು. ಒಬ್ಬ ಹಿರಿಯರು ಎರಡು ಸಲ ಅಡಕೆ ಹಾಕಿಕೊಂಡರು. ಎತ್ತಿದಾಗ ತುದಿ ಕೆಂಪಗಾಗಿತ್ತು.

ಅದನ್ನು ಮೊದಲು ಕೈಗೆ ತೆಗೆದುಕೊಂಡವರು ಅಧ್ಯಕ್ಷರ ಹೆಂಡತಿ. ತಿರುಗಿಸಿ ತಿರುಗಿಸಿ ನೋಡಿ ಗಂಡನಿಗೆ ಹೇಳಿದರು, "ಪಾತೇಲಿ ಕಲಾಯಿ ಹೋಗಿತ್ರಿ. ಕಲಾಯಿಯವ ಈ ಸಲ ಬರಲಿಲ್ಲ, ನಡೀತೈತಿ ಅಂತ ನಾನ ಕುದಿಸೀನಿ. ಆ ದಿನಾನ ಅನುಮಾನ ಬಂದಿತ್ತು, ಅದಕ್ಕ ಚೀಟಿ ಬರಿಸಿದ್ದೆ. ಇಲ್ಲ ಅಂತ ಕಾಗದ ಬಂದಾಗ ಬಚಾವಾದೆ ಅಂತ ಸುಮ್ಮನಾದೆ." ಹೀಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ಕಳಿಸದೆ ತಾವೇ ತುಳಸಾಬಾಯಿಯ ಮನೆಗೆ ನಡೆದರು. ಆ ಮಾತು ಕೇಳಿ ಅವರ ಮೇಲೆ ನನಗೆ ಬಂದಿದ್ದ ಸಿಟ್ಟು ಅಲ್ಲಿಯೇ ಇಳಿದುಹೋಯಿತು.

ತುಳಸಾಬಾಯಿ ಬಂದರು. ಅಧ್ಯಕ್ಷರು ವರದಿಯನ್ನು ಮತ್ತೊಮ್ಮೆ ಓದಿಸಿ, "ನಾಳೆಯಿಂದ ಕೆಲಸಕ್ಕ ಬಾ ಬಾಯಿ" ಅಂದರು.

"ನಾಳೆ ಯಾಕ್ರಿ? ಮಕ್ಕಳಿಗೆ ಇವತ್ತು ಹಸಿವು ಇಲ್ಲೇನು?" ಎಂದು ಆಕೆ ಸೆರಗು ಬಿಗಿದು ಅಡುಗೆಮನೆಗೆ ಹೋದರು. ಅಲ್ಲಿಂದಲೇ ಕೂಗಿ, "ಬಾಯಾರ, ಉಂಡ ಹೋಗ್ರಿ" ಅಂದರು. ಅನ್ನ, ಬೇಳೆಯ ಆಮಟಿ, ಕಡಲೆಹಿಟ್ಟಿನ ಝುಣಕ. ಸಾಸಿವೆ ಸಿಡಿದ ವಾಸನೆ ಅಂಗಳಕ್ಕೆ ಬಂತು.

ಮಧ್ಯಾಹ್ನ ಮಕ್ಕಳು ಸಾಲಾಗಿ ತಾಟು ಇಟ್ಟುಕೊಂಡು ಕುಳಿತರು. ತುಳಸಾಬಾಯಿ ಬಡಿಸುತ್ತ ಹೋದರು. ಆದರೆ ಯಾರೂ ತುತ್ತು ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕ ಹುಡುಗಿಯೊಬ್ಬಳು ತಾಟನ್ನು ಮೆಲ್ಲಗೆ ಮುಂದೆ ಸರಿಸಿದಳು. ತುಳಸಾಬಾಯಿ ಸೌಟು ಹಿಡಿದು ನಡುವೆ ನಿಂತುಬಿಟ್ಟರು. ವರದಿ ದೊಡ್ಡವರಿಗೆ ಸಾಕಾಗಿತ್ತು, ಮಕ್ಕಳಿಗೆ ನೆನಪಿದ್ದದ್ದು ವಾಂತಿ. ನಾವು ತಂದ ಕಾಗದ ಅಲ್ಲಿ ಏನೂ ಕೆಲಸ ಮಾಡಲಿಲ್ಲ.

ನಮ್ಮ ಸಾಹೇಬರು ಹೊರಗೆ ಊಟ ಮಾಡುವವರಲ್ಲ. ಎಲ್ಲಿ ಹೋದರೂ ಮನೆಯ ಬುತ್ತಿ, ಮನೆಯ ನೀರು. ಅವತ್ತೂ ಚೀಲದಲ್ಲಿ ಬುತ್ತಿ ಇತ್ತು. ಅವರು ಚೀಲವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಧೋತರ ಸರಿಮಾಡಿಕೊಂಡು, ಆ ಚಿಕ್ಕ ಹುಡುಗಿಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.

"ಬಡಸ್ರಿ ತುಳಸಾಬಾಯಿ" ಅಂದರು.

ನಾನೂ ಇನ್ನೊಂದು ಸಾಲಿನಲ್ಲಿ ಕುಳಿತೆ. ಅಧ್ಯಕ್ಷರ ಹೆಂಡತಿ ನನ್ನ ಪಕ್ಕ ಬಂದು ಕುಳಿತರು. ಸಾಹೇಬರು ಝುಣಕ ಕಲಸಿ ದೊಡ್ಡ ತುತ್ತು ಬಾಯಿಗಿಟ್ಟರು, ಇನ್ನೊಂದು ತುತ್ತು, ಮತ್ತೊಂದು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು.

"ಅಜ್ಜಾರ, ವಾಂತಿ ಬರ್ತೈತೇನ್ರಿ?"

"ಇಲ್ಲ ನಮ್ಮವ್ವಾ. ಖಾರ ಹತ್ತಿ ಮೂಗಿನ್ಯಾಗ ನೀರು ಬರ್ತೈತಿ. ತುಳಸಾಬಾಯಿ, ಇನ್ನೊಂದೀಟು ಝುಣಕಾ ಹಾಕ್ರಿ."

ಹುಡುಗಿ ಕಿಸಕ್ಕನೆ ನಕ್ಕು ತಾಟನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಯಾರೂ ಯಾರನ್ನೂ ನೋಡಲಿಲ್ಲ. "ಅನ್ನಾ", "ಆಮಟಿ", "ನನಗ, ನನಗ" ಎಂದು ಗದ್ದಲ ಎದ್ದಿತು. ತುಳಸಾಬಾಯಿ ಆ ಸಾಲಿಂದ ಈ ಸಾಲಿಗೆ ಓಡಾಡಿದರು. ಬೆವರು ಒರೆಸುತ್ತಿದ್ದಾರೋ ಕಣ್ಣು ಒರೆಸುತ್ತಿದ್ದಾರೋ ಗೊತ್ತಾಗಲಿಲ್ಲ, ಸೆರಗು ಮಾತ್ರ ಮತ್ತೆ ಮತ್ತೆ ಮುಖಕ್ಕೆ ಹೋಗುತ್ತಿತ್ತು.

ಕೈ ತೊಳೆದುಕೊಂಡು ನಾನು ಅಡುಗೆಮನೆಗೆ ಹೋದೆ. ರೈಲಿನಲ್ಲಿ ಬರುವಾಗ ಕ್ಷಮೆ ಕೇಳಲು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. "ತಪ್ಪಾತ್ರಿ ಬಾಯಿ" ಎಂದಷ್ಟೇ ಅಂದೆ. ಆಕೆ ಅನ್ನದ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ವಾರೆ ಮಾಡಿ ನನಗೆ ಅದರ ತಳ ತೋರಿಸಿದರು. ಒಂದು ಅಗುಳೂ ಇರಲಿಲ್ಲ.

"ನೋಡ್ರಿ ಬಾಯಾರ, ನನಗಂತ ಒಂದ ತುತ್ತೂ ಉಳಿಸಿಲ್ಲ, ಹಾಳಾದ ಹುಡುಗ್ರು" ಎಂದು ಆಕೆ ನಕ್ಕರು.